ನಳ್ಳಿ ಇಲ್ಲದ ಊಟ

ಶಿವಗಂಗಾ ಫ್ರಿಜ್ಜಿನ ಕೆಳಗಿನ ಅರೆಯಿಂದ ಸ್ಟೀಲಿನ ಡಬ್ಬಿ ಎಳೆದು ಮುಚ್ಚಳ ತೆಗೆದಳು. ಸಿಪ್ಪೆ ಸಮೇತ ಬೇಯಿಸಿದ ಹತ್ತು ಆಲೂಗಡ್ಡೆ ಎರಡು ಸಾಲಾಗಿ ಕುಳಿತಿದ್ದವು. ನಿನ್ನೆ ಸಂಜೆ ಅಪ್ಪ ಬೇಯಿಸಿಟ್ಟಿದ್ದು.

"ಅದನ್ನ ಎಸಿ," ಎಂದಳು ತಿಪ್ಪವ್ವ, ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತಲ್ಲಿಂದಲೇ. "ಬೇಸಿದ್ದು ಏನೈತಿ ಎಲ್ಲಾ ಹೊರಗ ಹೋಗ್ಬೇಕು. ಅನ್ನ ಹೋತು, ಬ್ಯಾಳಿ ಹೋತು. ಅದೂ ಹೋಗ್ಲಿ."

"ಇದು ಅಡಿಗಿ ಅಲ್ಲ ದೊಡ್ಡವ್ವ. ಬರೇ ಬೇಸಿದ್ದು. ಇನ್ನ ಸುಲಿದೂ ಇಲ್ಲ."

"ಬೆಂಕಿ ಕಂಡೈತಿಲ್ಲೋ?"

"ಕಂಡೈತಿ."

"ಮತ್ತ?"

ತಿಪ್ಪವ್ವನೊಡನೆ ವಾದಿಸಿ ಗೆದ್ದವರು ಕಾಚಿಗೂಡದಲ್ಲಿ ಇರಲಿಲ್ಲ. ಐವತ್ತು ವರ್ಷದ ಕೆಳಗೆ ಕಲ್ಲು ಒಡೆಯುವವರ ಗುಂಪಿನೊಡನೆ ಸಿಂದಗಿಯ ಕಡೆಯಿಂದ ಬಂದವಳು. ಅಲ್ಲಿಂದ ಇಲ್ಲಿಗೆ ಬಂದು ನೆಲೆಸಿದ ಸಂಸಾರಗಳ ಹುಟ್ಟು, ಸಾವು ಎರಡಕ್ಕೂ ಅವಳದೇ ತೀರ್ಪು. ಈಗೀಗ ಸಾವಿಗೆ ಮಾತ್ರ ಕರೆಯುತ್ತಿದ್ದರು. ಹುಟ್ಟನ್ನು ಆಸ್ಪತ್ರೆಯವರು ವಹಿಸಿಕೊಂಡಿದ್ದರು.

ಶಿವಗಂಗಾ ಡಬ್ಬಿ ಹಿಡಿದು ಹೊರಗೆ ಹೋದಳು. ಎರಡನೇ ಮಹಡಿಯ ಮೆಟ್ಟಿಲ ಪಡಸಾಲೆಯಲ್ಲಿ ಚಪ್ಪಲಿಯ ಗೂಡಿತ್ತು. ಅದರ ಮೇಲಿನ ಅರೆಯಲ್ಲಿ, ಯಾರೂ ಹಾಕದ ಮಳೆಗಾಲದ ಬೂಟುಗಳ ಹಿಂದೆ, ಡಬ್ಬಿಯನ್ನು ಸರಿಸಿಟ್ಟು ಕೈ ಒರೆಸಿಕೊಂಡು ಒಳಗೆ ಬಂದಳು.

ನಡುಮನೆಯಲ್ಲಿ, ಬಾಡಿಗೆಗೆ ತಂದ ಐಸಿನ ಪೆಟ್ಟಿಗೆಯೊಳಗೆ ಗೊಲ್ಲಾಳಪ್ಪ ಮಲಗಿದ್ದ. ಎಪ್ಪತ್ತಾರು ವರ್ಷ, ಅದರಲ್ಲಿ ಮೂವತ್ತಾರು ವರ್ಷ ಕೇಂದ್ರ ಸರ್ಕಾರದ ಒಂದು ರಕ್ಷಣಾ ಫ್ಯಾಕ್ಟರಿಯ ಗೆಸ್ಟ್‌ಹೌಸಿನಲ್ಲಿ ಅಡಿಗೆ. ಬೆಳಿಗ್ಗೆ ಆರಕ್ಕೆ ಹೆಂಡತಿ ಶಂಕ್ರಮ್ಮನ ಹೊಟ್ಟೆಗೆ ಇನ್ಸುಲಿನ್ ಚುಚ್ಚಿದ್ದ, ಹನ್ನೊಂದು ವರ್ಷದಿಂದ ದಿನಾ ಚುಚ್ಚುವ ಹಾಗೆ. ಅರ್ಧ ಗಂಟೆಯೊಳಗೆ ಅವಳು ಏನಾದರೂ ತಿನ್ನಬೇಕೆಂದು ಉಪ್ಪಿಟ್ಟಿಗೆ ರವೆ ಅಳೆದ. ಕಾಲು ಸೋತಂತೆ ಕುರ್ಚಿಯ ಮೇಲೆ ಕುಳಿತ. ಎರಡು ಕೆಲಸಗಳ ನಡುವೆ ಹೋಗಿಬಿಟ್ಟ.

ಹೀಗಾಗಿ ಶಂಕ್ರಮ್ಮನ ಮೈಯೊಳಗೆ ಇನ್ಸುಲಿನ್ ಹೋಗಿತ್ತು, ಆಹಾರ ಹೋಗಿರಲಿಲ್ಲ. ಇನ್ನು ಹೋಗುವುದು ಸುಲಭವೂ ಅಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಮೊದಲ ತುತ್ತು ತವರಿನಿಂದ ಬರಬೇಕು. ಅಣ್ಣನೋ ತಮ್ಮನೋ ತಂದು ಉಣಿಸಿ, ಅದೇ ತಾಟಿನಲ್ಲಿ ತಾನೂ ಉಣ್ಣಬೇಕು. ಅದಾಗುವ ತನಕ ಅವಳು ಅನ್ನ ಮುಟ್ಟುವಂತಿಲ್ಲ. ಚಹಾಕ್ಕೆ ಅಡ್ಡಿಯಿರಲಿಲ್ಲ. ಈ ನಿಯಮ ಮಾಡಿದವರ ಕಾಲಕ್ಕೆ ಚಹಾ ಬಂದಿರಲಿಲ್ಲ.

ಶಿವಗಂಗಾ ತಾಯಿಯ ಬೆರಳಿಗೆ ಸೂಜಿ ಚುಚ್ಚಿ ಯಂತ್ರ ನೋಡಿದಳು. "ಎಪ್ಪತ್ತೆರಡು. ಅವ್ವ, ಇನ್ನಾ ಇಳೀತೈತಿ ಇದು. ಎರಡ ಬಿಸ್ಕೀಟರೆ ತಿನ್ನು."

"ಸಕ್ಕರಿ ಚಾ ಕುಡದೀನಿ."

"ಚಾದಿಂದ ಎಷ್ಟೊತ್ತು ನಡೀತೈತಿ?"

"ಅಣ್ಣ ಬರೂತನ."

"ಮಾಮಾ ಬರ್ಲಿಲ್ಲ ಅಂದ್ರ?"

"ಬರ್ಲಿಲ್ಲ ಅಂದ್ರ ನಿಮ್ಮಪ್ಪನ ಹಿಂದ ಹೋಗ್ತೀನಿ," ಎಂದಳು ಶಂಕ್ರಮ್ಮ. ಒಂದು ಬಸ್ಸು ತಪ್ಪಿದರೆ ಇನ್ನೊಂದು ಹಿಡಿಯುವವರ ದನಿ.

ಕೆಳಗಿನ ಮನೆಯ ನೀಲಾ ಗೋಡೆಗೆ ಒರಗಿ ಕುಳಿತಿದ್ದಳು. ಧಾರವಾಡದವಳು, ಗಂಡ ರಾಮದಾಸ ಅದೇ ಫ್ಯಾಕ್ಟರಿಯಿಂದ ನಿವೃತ್ತ. "ಶಂಕ್ರಮ್ಮ, ಒಂದು ಬಟ್ಟಲು ಮೊಸರನ್ನ ತರ್ಲೇನ್ರಿ? ನಮ್ಮ ಮನಿ ಒಲೀ ಮ್ಯಾಲಿಂದು. ನಿಮ್ಮದಲ್ಲ."

"ನೀವು ನನ್ನ ತವರಲ್ರಿ, ನೀಲಾಬಾಯಿ."

"ಇಪ್ಪತ್ತು ವರ್ಷ ಆತು ಒಂದ ಬಿಲ್ಡಿಂಗಿನೊಳಗ."

"ಬಿಲ್ಡಿಂಗಿಗೆ ತವರು ಅಂತಾರೇನ್ರಿ."

ಶಂಕ್ರಮ್ಮನ ತವರೆಂದರೆ ಉಳಿದದ್ದು ಒಬ್ಬ ಅಣ್ಣ, ಅಂಬಾದಾಸ. ರಾಯಚೂರಿನ ಆಚೆ ಹೊಲ ಮನೆ. ಇಪ್ಪತ್ತೆರಡು ವರ್ಷದಿಂದ ಈ ಹೊಸ್ತಿಲು ತುಳಿದಿರಲಿಲ್ಲ. ಆದರೂ ಬೆಳಿಗ್ಗೆ ಸುದ್ದಿ ಮುಟ್ಟಿದ ಅರ್ಧ ಗಂಟೆಗೆ ಮುದುಕ ಡಬ್ಬಿ ಹಿಡಿದು ರಾಯಚೂರಿಗೆ ಹೊರಟನೆಂದು ಅವನ ಮೊಮ್ಮಗ ಪ್ರಜ್ವಲ ಫೋನಿನಲ್ಲಿ ಹೇಳಿದ್ದ. ಅಂಬಾದಾಸನ ಬಳಿ ಫೋನ್ ಇರಲಿಲ್ಲ. ಸ್ಟೇಷನ್ನಿನ ಹಿಂದಿನ ಗಲ್ಲಿಯಾದ್ದರಿಂದ ಗಾಡಿ ಬಂದುಹೋಗುವುದನ್ನೆಲ್ಲ ಮೈಕಿನವಳು ಮೂರು ಭಾಷೆಯಲ್ಲಿ ಈ ಮನೆಗೂ ಹೇಳುತ್ತಿದ್ದಳು. ರಾಯಚೂರ ಗಾಡಿಯ ಸುದ್ದಿ ಕೇಳಿದ್ದೇ ಶಿವಗಂಗಾಳ ಗಂಡ ರವಿಕಿರಣ ಓಡಿಹೋಗಿ, ಅರ್ಧ ಗಂಟೆಯ ಮೇಲೆ ಒಬ್ಬನೇ ಬಂದ.

"ಬಿಳಿ ಟೋಪಿ ಹಾಕ್ಕೊಂಡು ಹನ್ನೊಂದು ಮಂದಿ ಇಳಿದ್ರು," ಎಂದ. "ಒಬ್ಬೊಬ್ಬರ್ನೂ ನಿಲ್ಲಿಸಿ ಕೇಳಿದೆ. ಒಬ್ಬ ತಾನೇ ಅಂಬಾದಾಸ ಅಂದ. ಆಮೇಲೆ ನೋಡಿದ್ರೆ ಬೇರೆ ಅಂಬಾದಾಸ."

"ಬರಂಗಿಲ್ಲ ಆತ," ಎಂದಳು ತಿಪ್ಪವ್ವ. "ಮಾತು ಆಡ್ಯಾನ. ಆಡಿದ್ದು ನಾನೂ ಕೇಳೀನಿ."

ರಾಮದಾಸ ಪೆಟ್ಟಿಗೆಯ ಗಾಜಿನ ಮೇಲಿನ ಹನಿಗಳನ್ನು ಕರವಸ್ತ್ರದಿಂದ ಒರೆಸುತ್ತಿದ್ದ. ಒರೆಸಿದಷ್ಟೂ ಹನಿ ಮೂಡುತ್ತಿತ್ತು. "ಇಂವಾ ನಮಗ ಬಟಾಣೀದು ಮಾಡಿಕೊಟ್ಟಿದ್ದ," ಎಂದ, ಯಾರಿಗೆಂದಿಲ್ಲದೆ. "ಎಂಬತ್ತೇಳನೇ ಇಸವಿ. ಚಾದರ."

*

ವರ್ಗವಾಗಿ ಬಂದ ಸಂಸಾರಗಳನ್ನು ಫ್ಯಾಕ್ಟರಿಯವರು ಕ್ವಾರ್ಟರ್ಸು ಸಿಗುವ ತನಕ ಗೆಸ್ಟ್‌ಹೌಸಿನಲ್ಲಿ ಇಳಿಸುತ್ತಿದ್ದರು. ಆ ಕಟ್ಟಡಕ್ಕೆ ಕಲ್ಲು ಒಡೆದವರಲ್ಲಿ ಗೊಲ್ಲಾಳಪ್ಪನೂ ಒಬ್ಬ. ಕಟ್ಟಡ ಮುಗಿದ ಮೇಲೆ ಗುಂಪು ಮುಂದಿನ ಊರಿಗೆ ಹೋಯಿತು. ಇವನು ಪಾತ್ರೆ ತೊಳೆಯಲು ಒಳಗೆ ಹೋದವನು ಅಲ್ಲೇ ಉಳಿದ.

ಹೆಡ್‌ಕುಕ್ ಲಾಜರಸ್ ಸಿಕಂದರಾಬಾದಿನವನು, ರೈಲ್ವೆ ಸಾಹೇಬರ ಅಡಿಗೆ ಮಾಡಿ ಪಳಗಿದವನು. ಉಳಿದ ಅಡಿಗೆಗಳನ್ನು ನೋಡಿ ಕಲಿ ಎನ್ನುತ್ತಿದ್ದ. ಒಂದನ್ನು ಮಾತ್ರ ನಿಲ್ಲಿಸಿಕೊಂಡು ಕಲಿಸಿದ. ಖೀಮಾವನ್ನು ಅದರ ನೀರು ಪೂರ್ತಿ ಆರುವ ತನಕ ಹುರಿಯಬೇಕು. ಉಳ್ಳಾಗಡ್ಡಿ, ಮೆಣಸು, ಲವಂಗ, ಸ್ವಲ್ಪ ಟೊಮ್ಯಾಟೊ. ಆಲೂಗಡ್ಡೆ ಹಿಂದಿನ ದಿನವೇ ಸಿಪ್ಪೆ ಸಮೇತ ಬೇಯಿಸಿಟ್ಟು, ಮರುದಿನ ಆವಿಗೆ ತೋರಿಸಿ, ಬಿಸಿ ಹಾಲು ಬೆಣ್ಣೆ ಹಾಕಿ ಗಂಟಿಲ್ಲದಂತೆ ಮಸೆಯಬೇಕು. ಅದನ್ನು ಖೀಮಾದ ಮೇಲೆ ಹಾಸಿ, ಫೋರ್ಕಿನಿಂದ ಸಾಲು ಗೀರಿ, ಮೇಲೆ ಕೆಂಡದ ಮುಚ್ಚಳವಿಟ್ಟು ಕೆಂಪಗೆ ಮಾಡಬೇಕು. ಗೆಸ್ಟ್‌ಹೌಸಿನ ಹಲಗೆಯ ಮೇಲೆ ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು. ಗೊಲ್ಲಾಳಪ್ಪನ ಬಾಯಲ್ಲಿ ಅದು ಚಾದರವಾಯಿತು. ಸ್ವಲ್ಪ ಕೆಂಪು ಖಾರದ ಪುಡಿಯನ್ನೂ ಅವನು ಸೇರಿಸಿದ, ಲಾಜರಸ್‌ನನ್ನು ಕೇಳದೆ.

"ದೂರ್ ಸೆ ಆಯಾ ಸೋ ಆದ್ಮೀಕು ಹಡ್ಡಿ ನಕ್ಕೋ ದೇ ರೇ," ಎನ್ನುತ್ತಿದ್ದ ಲಾಜರಸ್. ದೂರದಿಂದ ಬಂದವನಿಗೆ ಎಲುಬು ಕೊಡಬೇಡ. ದಣಿದವನ ಕೈಗೆ ಮತ್ತೊಂದು ಕೆಲಸ ಹಚ್ಚಬೇಡ. ಬಂದ ಮೊದಲ ಸಂಜೆ ಪ್ರತಿ ಸಂಸಾರಕ್ಕೂ ಆ ಗೆಸ್ಟ್‌ಹೌಸಿನಲ್ಲಿ ಇದೇ ಊಟ.

ರಾಮದಾಸ ಬೆಂಗಳೂರಿನಿಂದ ಬಂದ ದಿನ ಅವನ ನಾಲ್ಕು ವರ್ಷದ ಮಗ ಆಶಿಷ್ ವಾಡಿ ಜಂಕ್ಷನ್ನಿನಿಂದ ಅಳುತ್ತಿದ್ದವನು ಇನ್ನೂ ನಿಲ್ಲಿಸಿರಲಿಲ್ಲ. ಇವರು ಮಾಂಸ ತಿನ್ನದವರೆಂದು ತಿಳಿದು ಗೊಲ್ಲಾಳಪ್ಪ ಕೆಳಗೆ ಖೀಮಾದ ಬದಲು ಹಸಿ ಬಟಾಣಿ ಹಾಸಿ ತಂದಿಟ್ಟ. ಮಗು ಉಂಡಿತು. ಚಮಚ ಬಾಯಲ್ಲಿದ್ದ ಹಾಗೇ ನಿದ್ದೆಹೋಯಿತು. ನೀಲಾ ಆ ಚಮಚವನ್ನು ಮೆಲ್ಲಗೆ ತೆಗೆಯುವಾಗ, ಬಾಗಿಲ ಹಿಂದೆ ನಿಂತು ನೋಡುತ್ತಿದ್ದ ಗೊಲ್ಲಾಳಪ್ಪ ಕೇಳಿದ್ದು ಒಂದೇ: "ಉಪ್ಪು ಬರೋಬರಿ ಇತ್ತೇನ್ರಿ ಅಕ್ಕಾರ?"

*

ಒಂದು ಗಂಟೆಯ ತನಕ ಕಾದರು. ಪೆಟ್ಟಿಗೆಯವನು ಎರಡು ಸಲ ಬಂದು, ಮೌಲಾಲಿಯಲ್ಲಿ ಇನ್ನೊಂದು ಮನೆಯವರು ಕಾಯುತ್ತಿದ್ದಾರೆಂದು ತಲೆ ತುರಿಸಿಕೊಂಡ. ತಿಪ್ಪವ್ವ ಎದ್ದು ನಿಂತು, "ಇನ್ನ ಎತ್ರಿ," ಎಂದಳು. ಬಿಳಿ ಚಾದರ ಹೊದಿಸಿ, ಮಡಿಕೆಗಳನ್ನು ಅಂಗೈಯಿಂದ ನೀವಿ ಸರಿಮಾಡಿ, ಎತ್ತಿದರು. ಗೆಸ್ಟ್‌ಹೌಸಿನ ಹಳೆಯ ನಾಲ್ವರು ಹೆಗಲು ಕೊಟ್ಟರು. ಮೆಟ್ಟಿಲು ಇಕ್ಕಟ್ಟು, ತಿರುವಿನಲ್ಲಿ ನಿಲ್ಲಿಸಿ, "ಸ್ವಲ್ಪ ಎಡಕ್ಕ, ಗೋಡಿಗೆ ಬಡೀತೈತಿ," ಎಂದು ಮಾತಾಡಿಕೊಂಡು, ಅಲಮಾರಿ ಇಳಿಸುವವರಂತೆ ಇಳಿಸಿದರು.

ಶಂಕ್ರಮ್ಮ ಕಿಟಕಿಯಿಂದ ನೋಡಲಿಲ್ಲ.

"ನನ್ನ ಬಿಟ್ಟು ಎಲ್ಲಿಗೂ ಹೋದಾಂವ ಅಲ್ಲ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಮಾರ್ಕೆಟ್ಟಿಗೆ ಹೋಗ್ತಿದ್ದ," ಎಂದು ತಿದ್ದಿದಳು.

ಯಂತ್ರ ಅರವತ್ತೆಂಟು ತೋರಿಸಿತು. ಶಿವಗಂಗಾ ಮತ್ತೊಂದು ಲೋಟ ಸಕ್ಕರೆ ಚಹಾ ಹಿಡಿದಳು. ತಾಯಿ ಅರ್ಧ ಕುಡಿದು ಸರಿಸಿದಳು. ಲೋಟ ವಾಲಿ ಉಳಿದದ್ದು ಸೀರೆಯ ಮೇಲೆ ಚೆಲ್ಲಿತು.

"ಒಂದು ಊಟದ ಸಲುವಾಗಿ ಇಪ್ಪತ್ತೆರಡು ವರ್ಷ," ಎಂದಳು ನೀಲಾ. "ಅಣ್ಣ ತಂಗಿ ಅಂದ್ರ ಹಿಂಗ ಇರ್ತದೇನು?"

"ಊಟ ಅಲ್ರಿ," ಎಂದಳು ತಿಪ್ಪವ್ವ. "ಎಲುಬು."

*

ಕ್ವಾರ್ಟರ್ಸು ಬಿಟ್ಟು ಈ ಮನೆ ಹಿಡಿದ ವರ್ಷ. ಮನೆ ನೋಡಲು ಅಂಬಾದಾಸ ಮೊದಲ ಸಲ ಬಂದ. ದಾರಿಯಲ್ಲಿ ಲಾರಿ ಮಗುಚಿ, ಬಸ್ಸಿನಲ್ಲಿ ಎಂಟು ಗಂಟೆ ಕುಳಿತು, ಊದಿದ ಕಾಲುಗಳ ಮೇಲೆ, ತಂಗಿಗೊಂದು ಇಳಕಲ್ ಸೀರೆ, ಬೆನ್ನಿಗೊಂದು ಜೋಳದ ಚೀಲ. ಎತ್ತರದ ಆಳು. ಅವನ ಹಲ್ಲು ಆ ಸೀಮೆಯಲ್ಲೇ ಹೆಸರಾದವು. ಕಬ್ಬು, ಎಲುಬು, ಸೋಡಾ ಬಾಟಲಿಯ ಬಿಲ್ಲೆ, ಮೂರಕ್ಕೂ ಒಂದೇ ಮರ್ಯಾದೆ.

ಅವರಲ್ಲಿ ಕುರಿ ಕೊಯ್ದರೆ ಯಾರ ತಾಟಿಗೆ ಯಾವ ತುಂಡು ಎಂಬುದು ಗೊತ್ತಾಗಿರುವ ಸಂಗತಿ. ಕಾಲಿನ ಮಜ್ಜೆಯ ಎಲುಬು, ನಳ್ಳಿ, ಹೆಣ್ಣು ಕೊಟ್ಟ ಮನೆಯ ಗಂಡಸಿಗೆ. ಅದು ತಾಟಿಗೆ ಬೀಳುವ ಟಣ್ ಎಂಬ ಸದ್ದನ್ನು ಪಂಗತಿಯೆಲ್ಲ ಕೇಳಬೇಕು.

ಗೊಲ್ಲಾಳಪ್ಪ ಎರಡು ದಿನ ರಜೆ ಹಾಕಿದ್ದ. ತನಗೆ ಗೊತ್ತಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಮಾಡಿ, ಗೆಸ್ಟ್‌ಹೌಸಿನಿಂದ ತಂದ ಗಾಜಿನ ತಟ್ಟೆಯಲ್ಲಿ ಇಟ್ಟ. ಮೇಲೆ ಕೆಂಪಗೆ ಸಾಲು ಸಾಲು.

"ಇದೇನು?" ಎಂದ ಅಂಬಾದಾಸ.

"ಖೀಮಾ ಐತ್ರಿ ಮಾವ. ಮ್ಯಾಲೆ ಆಲೂಗಡ್ಡಿ ಚಾದರ."

ಅಂಬಾದಾಸ ಬೆರಳಿನಿಂದ ಚಾದರ ಸರಿಸಿ, ತಳದ ತನಕ ತೋಡಿ ನೋಡಿದ. "ಎಲುಬೆಲ್ಲಿ?"

"ಇದಕ್ಕ ಎಲುಬು ಹಾಕಂಗಿಲ್ರಿ. ಬಾಯಾಗ ಇಟ್ರ ತಾನ ಕರಗತೈತಿ. ನೀವು ದಣದು ಬಂದೀರಿ. ನಮ್ಮ ಡೈರೆಕ್ಟರ್ ಸಾಹೇಬ್ರೂ ಕೇಳಿ ಮಾಡಿಸಿಕೊಂತಾರ."

"ನಿಮ್ಮ ಡೈರೆಕ್ಟರ್ ಸಾಹೇಬ್ರು ನಿನಗ ಹೆಣ್ಣು ಕೊಟ್ಟಾರೇನು?"

ಪಂಗತಿಯಲ್ಲಿ ಹತ್ತು ಜನರಿದ್ದರು. ತಿಪ್ಪವ್ವನೂ ಇದ್ದಳು. ಯಾರೂ ತಲೆ ಎತ್ತಲಿಲ್ಲ.

"ಕೂಸಿಗೆ ಕಲಸೂದನ್ನ ತಂದು ನನ್ನ ಮುಂದ ಇಟ್ಟಿ," ಎಂದು ಅಂಬಾದಾಸ ಎದ್ದ. ದನಿ ಏರಿಸಲಿಲ್ಲ. "ಲೆಕ್ಕ ಹಾಕಿ ನೋಡು, ಮೂವತ್ತೆರಡೂ ಅದಾವ. ಈ ಬಾಯಾಗ ಒಂದು ಹಲ್ಲು ಇರೂತನ ನಿನ್ನ ಹೊಸ್ತಿಲ ತುಳಿಯಂಗಿಲ್ಲ."

ಹೋದ. ಜೋಳದ ಚೀಲವೂ ಸೀರೆಯೂ ಉಳಿದವು. ಗೊಲ್ಲಾಳಪ್ಪ ಬಡಿಸುವ ಚಮಚ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ಹೋದ ಮೇಲೆ ಹೆಂಡತಿಯನ್ನು ಕೇಳಿದ:

"ಉಪ್ಪು ಹೆಚ್ಚಾಗಿತ್ತೇನು?"

ಅಣ್ಣ ತೋಡಿಟ್ಟ ತಾಟನ್ನು ಶಂಕ್ರಮ್ಮ ತೊಳೆದಳು. ಆಮೇಲೆ ಅವಳೂ ತವರಿಗೆ ಹೋಗಲಿಲ್ಲ.

*

ಮಣ್ಣಿಗೆ ಹೋದವರು ಬಂದು ಸ್ನಾನ ಮಾಡಿ ಕುಳಿತಾಗ ನಾಲ್ಕಾಗಿತ್ತು. ಶಂಕ್ರಮ್ಮನ ಹಣೆಯ ಮೇಲೆ ಬೆವರು. ಈಗ ಕೇಳಿದ್ದನ್ನು ಬಿಟ್ಟು ಅದರ ಹಿಂದಿನ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಳು. ಯಂತ್ರದಲ್ಲಿ ಐವತ್ತೊಂಬತ್ತು.

"ನಾನು ಆಟೋ ತರ್ತೀನಿ," ಎಂದ ರವಿಕಿರಣ. "ಡ್ರಿಪ್ ಹಾಕಿಸೋಣ. ಡ್ರಿಪ್ಪಿಗೂ ನಿಯಮ ಇದೆಯಾ ದೊಡ್ಡವ್ವ?"

ತಿಪ್ಪವ್ವ ಯೋಚಿಸಿದಳು. ಅವಳಿಗೂ ಇದು ಹೊಸದು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದು. ಒಂದು ಮಹಡಿ ಏರಿ ನಿಂತಿತು, ಮತ್ತೆ ಏರಿತು. ಬಾಗಿಲ ಹೊರಗೆ ಒಬ್ಬ ಬಾಗಿದ ಮುದುಕ ಕಾಣಿಸಿಕೊಂಡ. ಬಿಳಿ ಟೋಪಿ, ಗದ್ದದಿಂದ ನೆತ್ತಿಗೆ ಸುತ್ತಿ ಕಟ್ಟಿದ ಟವಲು, ಊದಿದ ಎಡಗೆನ್ನೆ. ಕೈಯಲ್ಲಿ ಸ್ಟೀಲಿನ ಕ್ಯಾನು. ಹೊಸ್ತಿಲಿಗೆ ಒಂದು ಗೇಣು ಬಿಟ್ಟು ನಿಂತ.

"ಮಣ್ಣಿಗೆ ಬರ್ಲಿಲ್ಲ," ಎಂದಳು ತಿಪ್ಪವ್ವ. "ಈಗ ಯಾತಕ ಬಂದಿ ಅಂಬಾದಾಸ?"

ಅವನು ಕ್ಯಾನು ಕೆಳಗಿಟ್ಟು, ಟವಲಿನ ಗಂಟು ಬಿಚ್ಚಿ, ಒಳಗೆ ಗೋಡೆಗೆ ಒರಗಿದ್ದ ತಂಗಿಯ ಕಡೆ ತಿರುಗಿ ಬಾಯಿ ತೆರೆದ. ಮೇಲೆ ಏನೂ ಇರಲಿಲ್ಲ. ಕೆಳಗೂ ಏನೂ ಇರಲಿಲ್ಲ. ಎಡಕ್ಕೆ, ಒಸಡಿನಲ್ಲಿ ಕೆಂಪಾದ ಹತ್ತಿಯ ಉಂಡೆ.

"ಒಂದು ಉಳದಿತ್ತು," ಎಂದ. ಮಾತು ಹತ್ತಿಯ ಸುತ್ತ ಹಾಯ್ದು ಬರುತ್ತಿತ್ತು. "ಮುಂಜಾನೆ ರಾಯಚೂರಾಗ ಗಾಡಿ ನಿಂತಿತ್ತು. ಹತ್ತಾಕ ಕಾಲ ಎತ್ತಿದೆ. ನಾಲಿಗಿಗೆ ತಾಕ್ತು."

ಕೋಲನ್ನು ಬಾಗಿಲ ಚೌಕಟ್ಟಿಗೆ ಒರಗಿಸಿದ.

"ಐತವಾರ. ದವಾಖಾನಿ ಬಂದ್. ಹಲ್ಲಿನ ಡಾಕ್ಟರನ ಮನಿ ಹುಡುಕಿ ಬಾಗಿಲ ಬಡದೆ. ನಾಳಿ ಬಾ ಅಜ್ಜ, ಬಿಪಿ ನೋಡಬೇಕು ಅಂದ. ನಾಳಿ ಏನ್ ಮಾಡ್ಲಿ. ಅವನ ಬಾಗಲದಾಗ ಕುಂತೆ. ಹನ್ನೊಂದಕ್ಕ ಕಿತ್ತ. ಗಾಡಿ ಹೋಗಿತ್ತು. ಬಸ್ ಹಿಡದೆ."

ರಾಮದಾಸ ಬಾಗಿಲ ತನಕ ಬಂದ. "ಒಂದು ಹಲ್ಲು, ಯಜಮಾನ್ರ. ಇಲ್ಲಿ ಯಾರು ಬಾಯಿ ತೆರೆದು ನೋಡ್ತಿದ್ರು?"

"ಯಾರೂ ನೋಡ್ತಿದ್ದಿಲ್ರಿ. ನನಗ ಗೊತ್ತಿತ್ತಲ್ಲ."

ಬೆಳಗಿನಿಂದ ಅವನನ್ನು ಬೈದವರೆಲ್ಲ ನೆಲ ನೋಡಿದರು. ಒಬ್ಬ ಮನುಷ್ಯನ ಮಣ್ಣಿಗೆ ತಪ್ಪಿಸಿಕೊಂಡದ್ದು ಅವನ ಮನೆಗೆ ಬರುವ ಅರ್ಹತೆಗಾಗಿ. ಇದಕ್ಕೆ ಬೈಯಬೇಕೋ ಬೇಡವೋ ತಿಪ್ಪವ್ವನಿಗೂ ಹೊಳೆಯಲಿಲ್ಲ.

"ಒಳಗ ಬಾ," ಎಂದಳು ಶಂಕ್ರಮ್ಮ.

ಬಂದ. ಬರಿದಾದ ನಡುಮನೆಯಲ್ಲಿ ಉರಿಯುತ್ತಿದ್ದ ಎಣ್ಣೆಯ ದೀಪದ ಮುಂದೆ ನಿಂತು ಕೈಮುಗಿದ. ಆಮೇಲೆ ಕುಳಿತು ಕ್ಯಾನಿನ ಮುಚ್ಚಳ ತಿರುಗಿಸಿದ. ಮುಚ್ಚಳ ಬುಸ್ ಎಂದಿತು. ಏಪ್ರಿಲ್ ಬಿಸಿಲಿನಲ್ಲಿ ಒಂಬತ್ತು ಗಂಟೆ ಕಳೆದ ಮಾಂಸದ ಸಾರು ನೊರೆ ಕಟ್ಟಿತ್ತು. ನೀಲಾ ಸೆರಗು ಮೂಗಿಗೆ ಹಿಡಿದಳು. ಅಂಬಾದಾಸ ಬಗ್ಗಿ ಮೂಸಿ, ಮೆಲ್ಲಗೆ ಮುಚ್ಚಳ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕುಳಿತ.

"ರೊಟ್ಟಿ ಅದಾವ," ಎಂದ.

"ನೀ ಜೋಡಿ ಉಣಬೇಕಲ್ಲೋ," ಎಂದಳು ತಿಪ್ಪವ್ವ. "ಆ ಬಾಯಾಗ ರೊಟ್ಟಿ ಹೆಂಗ ಉಣ್ತಿ?"

ಶಿವಗಂಗಾ ಎದ್ದು ಹೊರಗೆ ಹೋಗಿ, ಮಳೆಗಾಲದ ಬೂಟುಗಳ ಹಿಂದಿನಿಂದ ಡಬ್ಬಿ ತಂದು ನಡುವೆ ಇಟ್ಟಳು.

"ನಾ ಎಸಿ ಅಂದಿದ್ದೆ," ಎಂದಳು ತಿಪ್ಪವ್ವ.

"ಹೊರಗ ಹೋಗ್ಲಿ ಅಂದಿದ್ದಿ. ಹೊರಗ ಹೋಗಿತ್ತು."

ತಿಪ್ಪವ್ವ ಡಬ್ಬಿಯನ್ನು ನೋಡಿದಳು, ಶಂಕ್ರಮ್ಮನ ಬೆವರಿದ ಹಣೆ ನೋಡಿದಳು. ಬೆಳಗಿನಿಂದ ಕುಳಿತು ಅವಳ ಸೊಂಟವೂ ಸೋತಿತ್ತು. "ಮಾಡೂ ಕೈ ತವರಿಂದಾಗ್ಬೇಕು," ಎಂದಳು ಕೊನೆಗೆ. "ಈ ಮನಿ ಒಲಿ ಹೊತ್ತಬಾರದು. ಉಳದದ್ದಕ್ಕ ನನ್ನ ಕೇಳಬ್ಯಾಡ್ರಿ."

"ಇವತ್ತು ಖೀಮಾ ನಡೀತದೇನು?" ಎಂದ ರಾಮದಾಸ.

"ನಮ್ಮಾಗ ತವರಿಂದ ಏನ್ ಬಂದ್ರೂ ನಡೀತೈತ್ರಿ."

ರಾಮದಾಸ ಕೆಳಗೆ ಹೋಗಿ ಇಂಡಕ್ಷನ್ ಒಲೆ ತಂದ. ಮೆಟ್ಟಿಲ ಪಡಸಾಲೆಯ ಸಾರ್ವಜನಿಕ ಪ್ಲಗ್ಗಿಗೆ ಸಿಕ್ಕಿಸಿದ. ತಿಪ್ಪವ್ವ ಬಗ್ಗಿ ಅದರ ಅಡಿ, ಬದಿ ಎಲ್ಲ ನೋಡಿದಳು.

"ಬೆಂಕಿ ಎಲ್ಲೈತಿ?"

"ಬೆಂಕಿ ಇಲ್ರಿ ಇದರಾಗ. ಅಯಸ್ಕಾಂತ ಇದ್ದಂಗ."

"ಹಂಗಂದ್ರ ಇದು ಒಲಿ ಅಲ್ಲ."

"ಅಲ್ಲ."

"ಮತ್ತ ಮುಂಜಾನಿಂದ ಯಾಕ ಕುಂತಿದ್ವಿ," ಎಂದಳು ತಿಪ್ಪವ್ವ.

ನೀಲಾ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ರಾಮದಾಸ ಅದನ್ನು ಜೋರಾಗಿ ಅನುವಾದಿಸಿದ: "ಒಲಿ ವಾಪಸ್ ಕೊಡೋದು ಬ್ಯಾಡಂತ. ನಿಮ್ಮಲ್ಲೇ ಇರಲಂತ."

ಶಿವಗಂಗಾ ಫ್ರಿಜ್ಜಿನ ಮೇಲಿನ ಅರೆಯಿಂದ ಎರಡು ಪೊಟ್ಟಣ ತಂದಳು. ಒಂದರಲ್ಲಿ ಖೀಮಾ. ಇನ್ನೊಂದನ್ನು ಅಂಬಾದಾಸ ಬಿಚ್ಚಿದ. ಗೇಣುದ್ದದ ಒಂದೇ ಒಂದು ಎಲುಬು, ಎರಡೂ ಕಡೆ ನೀಟಾಗಿ ಕತ್ತರಿಸಿದ್ದು.

"ಇದ್ಯಾರದು?"

"ನಿನ್ನದು," ಎಂದಳು ಶಂಕ್ರಮ್ಮ, ಹೊಸ್ತಿಲ ಒಳಗಿಂದ. ಇವತ್ತು ಅವಳು ಅದನ್ನು ದಾಟುವಂತಿರಲಿಲ್ಲ. "ನೀ ಎದ್ದು ಹೋದ ಮರುವಾರದಿಂದ, ಪ್ರತಿ ಐತವಾರದ ಅಡಿಗಿಗೆ ಶನಿವಾರನ ಖೀಮಾದ ಜೋಡಿ ಒಂದು ನಳ್ಳಿ ತರ್ತಿದ್ದ. ಚಾದರದ ನಡುವ ನೆಟ್ಟಗ ನಿಲ್ಲಸ್ತಿದ್ದ."

"ಯಾತಕ?"

"ಬಂದ್ರ ಇರ್ಲಿ ಅಂತ."

"ನಾ ಬರ್ತಿದ್ದಿಲ್ಲಲ್ಲ."

"ನಾವ ತಿಂತಿದ್ವಿ. ಚಲೋ ಇರ್ತಿತ್ತು."

ಶಿವಗಂಗಾ ತಾಯಿಯ ಮುಖ ನೋಡಿದಳು. ಅಪ್ಪ ರುಚಿಗೆಂದು ಎಲುಬು ಸೇರಿಸಿಕೊಂಡ ಎಂದು ಇಪ್ಪತ್ತೆರಡು ವರ್ಷ ತಿಳಿದಿದ್ದಳು. ನಾರಾಯಣಗೂಡದ ತನ್ನ ಕಾಲೇಜಿನ ಸಹೋದ್ಯೋಗಿಗಳಿಗೆ ಹಾಗೇ ಮಾಡಿ ಬಡಿಸಿಯೂ ಇದ್ದಳು.

ಅಂಬಾದಾಸ ಎಪ್ಪತ್ತೆರಡು ವರ್ಷದಲ್ಲಿ ಸೌಟು ಹಿಡಿದವನಲ್ಲ. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ತಂಗಿ ಹೇಳಿದಂತೆ ಮಾಡಿದ.

"ಮೊದಲ ಖೀಮಾ ಹುರಿ. ನಳ್ಳಿ ಆ ಮ್ಯಾಲೆ ಕುಕ್ಕರಿಗೆ. ಕೈಬಿಡದಂಗ ತಿರುವು. ನೀರು ಆರ್ಲಿ."

"ಆರೇತಿ."

"ಇನ್ನಾ ಆರ್ಲಿ."

ಕುಕ್ಕರು ಸೀಟಿ ಹೊಡೆಯಿತು. ಸಾವಿನ ಮನೆಯಿಂದ ಸೀಟಿ ಕೇಳಿ ಮೂರನೇ ಮಹಡಿಯ ಒಬ್ಬಳು ಕಟಾಂಜನದ ಮೇಲಿಂದ ಇಣುಕಿ, ಏನೂ ಕಾಣದವಳಂತೆ ಒಳಗೆ ಹೋದಳು. ಅಂಬಾದಾಸ ಆಲೂಗಡ್ಡೆಯ ಸಿಪ್ಪೆಯನ್ನು ಉಗುರಿನಿಂದ ಸುಲಿದು ಬಟ್ಟಲಿಗೆ ಹಾಕಿ ಮುಷ್ಟಿಯಿಂದ ಒತ್ತಿದ.

"ಎತ್ತಿಗೆ ಹಿಂಡಿ ಕಲಸಿದಂಗ ಕಲಸಬ್ಯಾಡ. ಹಾಲು ಹಾಕು. ಸ್ವಲ್ಪ. ಗಂಟು ಇರಬಾರ್ದು, ಆತಗ ಗಂಟು ಸೇರ್ತಿದ್ದಿಲ್ಲ. ಉಪ್ಪು ನೋಡು."

ಅವನು ಬೆರಳು ನಾಲಿಗೆಗೆ ಮುಟ್ಟಿಸಿದ. "ರುಚಿ ಗೊತ್ತಾಗವಲ್ದು. ಡಾಕ್ಟರನ ಸೂಜಿ ಇನ್ನ ಇಳದಿಲ್ಲ."

"ಅಂದಾಜಿಲೆ ಹಾಕು."

ಹಾಸಿದ ಮೇಲೆ ಶಿವಗಂಗಾ ಅಪ್ಪನ ಫೋರ್ಕು ಕೊಟ್ಟಳು. ಅಂಬಾದಾಸ ಅದನ್ನು ತಿರುಗಿಸಿ ನೋಡಿ, ಯಾರೂ ಹೇಳುವ ಮೊದಲೇ ಈ ಅಂಚಿನಿಂದ ಆ ಅಂಚಿಗೆ ಎಳೆದ. ನಲವತ್ತು ವರ್ಷ ಕುಂಟೆ ಹೊಡೆದ ಕೈ. ಸಾಲುಗಳು ನೆಟ್ಟಗೆ ಬಂದವು, ಗೊಲ್ಲಾಳಪ್ಪನವುಗಳಿಗಿಂತ ನೆಟ್ಟಗೆ. ಕೆಂಪು ಮಾತ್ರ ಬರಲಿಲ್ಲ. ಬೆಂಕಿಯಿಲ್ಲದ ಒಲೆ, ಚಾದರ ಬೆಳ್ಳಗೇ ಉಳಿಯಿತು. ನಡುವೆ ನಳ್ಳಿ ಊರಿದ. ಅದು ವಾಲಿತು. ಸುತ್ತ ಆಲೂಗಡ್ಡೆ ಒತ್ತಿ ನಿಲ್ಲಿಸಿದ.

ಆರು ಗಂಟೆಯ ಹೊತ್ತಿಗೆ ಒಂದೇ ತಾಟಿನ ಎರಡು ಕಡೆ ಅಣ್ಣ ತಂಗಿ ಕುಳಿತರು. ಹೊರಗೆ ಮೈಕಿನವಳು ಬೆಂಗಳೂರ ಗಾಡಿಯ ಪ್ಲಾಟ್‌ಫಾರ್ಮ್ ಬದಲಾಗಿದೆ ಎನ್ನುತ್ತಿದ್ದಳು. ಅಂಬಾದಾಸ ಖೀಮಾ ಚಾದರ ಎರಡೂ ಬರುವಂತೆ ತುತ್ತು ಮಾಡಿ ತಂಗಿಯ ಬಾಯಿಗೆ ಇಟ್ಟ. ಅವಳು ಕಣ್ಣು ಮುಚ್ಚಿ ನುಂಗಿದಳು. ಅವನು ಕಾದ.

"ಉಪ್ಪು?" ಎಂದ.

"ಹೆಚ್ಚಾಗೈತಿ," ಎಂದಳು ಶಂಕ್ರಮ್ಮ. "ಆವತ್ತು ಬರೋಬರಿ ಇತ್ತು."

ಅಂಬಾದಾಸ ತಲೆಯಾಡಿಸಿದ. ಇನ್ನೊಂದು ತುತ್ತು ಕೊಟ್ಟ. ಆಮೇಲೆ ತಾನೊಂದು ಇಟ್ಟುಕೊಂಡ, ಬಲಗೆನ್ನೆಗೆ. ದವಡೆ ಆಡಿಸಲು ಹೋಗಿ ನಿಲ್ಲಿಸಿದ. ಆಡಿಸುವ ಕೆಲಸವೇ ಇರಲಿಲ್ಲ. ಕರಗಲು ಬಿಟ್ಟು ನುಂಗಿದ. ಮತ್ತೊಂದು ತುತ್ತಿಗೆ ಕೈ ಹಾಕಿದ.

ತಾಟು ಬರಿದಾಗುತ್ತ ಬಂದು ನಳ್ಳಿ ಮಗುಚಿ ತಟ್ಟೆಗೆ ಬಡಿಯಿತು. ಟಣ್ ಎಂದಿತು. ಅಂಬಾದಾಸ ಅದನ್ನೆತ್ತಿ ತುಟಿಗಿಟ್ಟು ಹೀರಲು ನೋಡಿದ. ಊದಿದ ಕೆನ್ನೆ ಕೇಳಲಿಲ್ಲ. ಶಂಕ್ರಮ್ಮ ಅವನ ಕೈಯಿಂದ ಎಲುಬು ತೆಗೆದುಕೊಂಡು, ಅಂಗೈಗೆ ಎರಡು ಸಲ ತಟ್ಟಿದಳು. ಬೆಚ್ಚಗಿನ ಮಜ್ಜೆ ಜಾರಿ ಬಿತ್ತು. ಬೆರಳಿನಿಂದ ಎರಡು ಪಾಲು ಮಾಡಿ ದೊಡ್ಡದನ್ನು ಅಣ್ಣನ ಬಾಯಿಗೆ ಇಟ್ಟಳು.

ಶಿವಗಂಗಾ ತಾಯಿಯ ಇನ್ನೊಂದು ಕೈ ಹಿಡಿದು ಬೆರಳಿಗೆ ಸೂಜಿ ಚುಚ್ಚಿದಳು. ಎಪ್ಪತ್ತೆಂಟು. ಯಂತ್ರ ಎತ್ತಿಟ್ಟಳು.

ತಾಟಿನ ನಡುವೆ ನಳ್ಳಿ ಅಡ್ಡ ಬಿದ್ದಿತ್ತು. ಒಳಗೆ ಏನೂ ಉಳಿದಿರಲಿಲ್ಲ. ಅದರ ಒಂದು ತುದಿ ದೀಪದ ಕಡೆಗಿತ್ತು. ಈ ತುದಿಯಿಂದ ನೋಡಿದರೆ, ಆಚೆ, ಗೋಡೆಗೆ ಒರಗಿಸಿಟ್ಟ ಗೊಲ್ಲಾಳಪ್ಪನ ಕುರ್ಚಿಯ ಮುಂದೆ ಸಣ್ಣ ಬೆಂಕಿ ಕಾಣುತ್ತಿತ್ತು.